ಆಟೋ ಹಿಂದೆ ಟ್ರೈಲರ್ ಕಟ್ಟುವವನಿಗೆ ದೊಡ್ಡಪ್ಪನ ಆಡಿಯೋ

ಅಮ್ಮಾ, ನೀನು ಬೆಳಿಗ್ಗೆ ಗುಂಪಿನಲ್ಲಿ ಹಾಕಿದ್ದನ್ನು ಈಗ ನೋಡಿದೆ. ಇವರು ಹೊಸ ಎಲೆಕ್ಟ್ರಿಕ್ ಗೂಡ್ಸ್ ಆಟೋಗೆ ಗದ್ದೆ ಉಳುವ ಟಿಲ್ಲರ್‌ನ ಟ್ರೈಲರ್ ಸಿಕ್ಕಿಸಲು ಕೊಕ್ಕೆ ಮಾಡಿಸಿಕೊಂಡು ಬರುತ್ತೇನೆಂದು ವೆಲ್ಡಿಂಗ್ ಅಂಗಡಿಗೆ ಹೊರಟಿದ್ದಾರೆ, ಮೇಲಿನ ತೋಟದ ಅಡಿಕೆಯನ್ನೆಲ್ಲ ಒಂದೇ ಸಲಕ್ಕೆ ಇಳಿಸುತ್ತಾರಂತೆ, ನನಗೆ ಭಯವಾಗುತ್ತಿದೆ, ದೊಡ್ಡವರು ಯಾರಾದರೂ ಹೇಳಿ ಎಂದು ಬರೆದಿದ್ದೀಯ. ಅದರ ಕೆಳಗೆ ನಾಲ್ಕಾರು ಮಂದಿ ಕೈಮುಗಿದ ಚಿತ್ರ ಹಾಕಿದ್ದಾರೆಯೇ ಹೊರತು ಒಬ್ಬರೂ ಬಾಯಿ ಬಿಟ್ಟಿಲ್ಲ. ಆ ಸಣ್ಣ ಅಕ್ಷರ ಒತ್ತುವುದು ನನ್ನ ಕೈಯಲ್ಲಿ ಆಗದು, ಅದಕ್ಕೇ ಮಾತನಾಡುತ್ತಿದ್ದೇನೆ. ಉದ್ದವಾದರೂ ಪೂರ್ತಿ ಕೇಳು, ನಿನ್ನ ಗಂಡನಿಗೂ ಕೇಳಿಸು.

ನಿನಗೆ ಭಯವಾದದ್ದು ಸರಿಯೇ. ಈ ಹುಡುಗರು ಕೇಳುವುದು ಒಂದೇ ಪ್ರಶ್ನೆ, ಎಳೆಯುತ್ತದೆಯೇ ಎಂದು. ಎಳೆಯುತ್ತದೆ, ಏಕೆ ಎಳೆಯುವುದಿಲ್ಲ? ಕರೆಂಟ್ ಮೋಟರ್‌ಗೆ ನಿಂತಲ್ಲಿಂದಲೇ ಬಲ ಇರುತ್ತದೆ, ಸಮತಟ್ಟಾದ ರಸ್ತೆಯಲ್ಲಿ ಸಲೀಸಾಗಿ ಎಳೆದೀತು. ನಮ್ಮ ತೋಟದ ದಾರಿ ಸಮತಟ್ಟಾಗಿದೆಯೇ? ಇಳುಕಲಿನಲ್ಲಿ ಟ್ರೈಲರ್ ಎಳೆಸಿಕೊಂಡು ಬರುವುದಿಲ್ಲ, ತಳ್ಳಿಕೊಂಡು ಬರುತ್ತದೆ. ಇದಿಷ್ಟು ಅವನ ತಲೆಗೆ ಹೋಗಬೇಕು.

ಹಲಸಿನ ಮರದ ತಿರುವಿನಲ್ಲಿ ಆದದ್ದು ನಿನಗೆ ಗೊತ್ತಿರಲಿಕ್ಕಿಲ್ಲ, ನೀನಿನ್ನೂ ಈ ಮನೆಗೆ ಬಂದಿರಲಿಲ್ಲ. ಮೊದಲ ಕೊಯ್ಲಿನ ಸಮಯ, ಮಳೆ ಪೂರ್ತಿ ಹಿಂದೆ ಸರಿದಿರಲಿಲ್ಲ. ಟಿಲ್ಲರ್ ಓಡಿಸುತ್ತಿದ್ದವನು ನಮ್ಮಲ್ಲಿ ಬಹಳ ವರ್ಷದಿಂದ ಇದ್ದವನು, ನಿನ್ನ ಮಾವನಿಗೆ ಟಿಲ್ಲರ್ ಕಲಿಸಿದವನೇ ಅವನು. ಟ್ರೈಲರ್ ತುಂಬ ಹಸಿ ಅಡಿಕೆಯ ಗೊನೆ. ಚಕ್ರಕ್ಕೆ ಕೊಡಲು ಕಲ್ಲು ಹಿಡಿದುಕೊಂಡು ನಾನು ಹಿಂದೆ ನಡೆದು ಬರುತ್ತಿದ್ದೆ. ಟಿಲ್ಲರ್‌ನಲ್ಲಿ ಎಡಕ್ಕೆ ತಿರುಗಬೇಕಾದರೆ ಎಡಗೈಯ ಕ್ಲಚ್ ಒತ್ತಬೇಕಲ್ಲ, ಹೇರಿನೊಂದಿಗೆ ಇಳಿಯುವಾಗ ಅದು ತಿರುಗುಮುರುಗು. ಒತ್ತಿದ ಕಡೆಯ ಚಕ್ರಕ್ಕೆ ಎಂಜಿನ್ನಿನ ಹಿಡಿತ ತಪ್ಪುತ್ತದೆ, ಹಿಂದಿನ ಭಾರ ಆ ಚಕ್ರವನ್ನೇ ಮುಂದಕ್ಕೆ ನೂಕುತ್ತದೆ, ಗಾಡಿ ಬಲಕ್ಕೆ ಹೊರಳುತ್ತದೆ. ಅವನಿಗೆ ತಿಳಿಯದ ವಿಷಯವಲ್ಲ ಇದು. ಆದರೆ ಅಂದು ಟ್ರೈಲರ್‌ನ ಬ್ರೇಕ್ ಒತ್ತಿದರೆ ಪಾಚಿ ಕಟ್ಟಿದ ಜಂಬಿಟ್ಟಿಗೆಯ ಮೇಲೆ ಚಕ್ರ ಉರುಳದೆ ಹಾಗೆಯೇ ಜಾರತೊಡಗಿತು. ಗಾಬರಿಯಲ್ಲಿ ಕೈ ರೂಢಿಯ ಕ್ಲಚ್ಚನ್ನೇ ಹಿಡಿಯಿತು. ಟಿಲ್ಲರ್ ಹಳ್ಳದ ಕಡೆಗೆ ಮೂತಿ ತಿರುಗಿಸಿತು, ಟ್ರೈಲರ್ ನೇರವಾಗಿ ಬಂದು ಅದನ್ನು ಅಡ್ಡಕ್ಕೆ ಮಡಚಿ ಹಾಕಿತು. ಹ್ಯಾಂಡಲ್ಲಿಗೂ ಸೀಟಿಗೂ ನಡುವೆ ಅವನ ಕಾಲು. ಎಂಜಿನ್ ನಿಂತಿರಲಿಲ್ಲ, ಒಂದು ಚಕ್ರ ಗಾಳಿಯಲ್ಲಿ ತಿರುಗುತ್ತಲೇ ಇತ್ತು, ಅಡಿಕೆ ಪಟಪಟನೆ ಹಳ್ಳಕ್ಕೆ ಉದುರುತ್ತಿತ್ತು. ನನ್ನ ಕೈಯಲ್ಲಿದ್ದ ಕಲ್ಲನ್ನು ಯಾವ ಚಕ್ರಕ್ಕೆ ಕೊಡುವುದು? ಮೊಣಕಾಲಿನ ಕೆಳಗೆ ಎರಡು ಕಡೆ ಮೂಳೆ ಮುರಿದಿತ್ತು. ಇಂದಿಗೂ ಮಳೆಗಾಲ ಬಂತೆಂದರೆ ಕುಂಟುತ್ತಾನೆ.

ಕಾಲು ಹೋದದ್ದು ಒಂದು ಕಡೆಯಾದರೆ, ಆಮೇಲೆ ಹುಟ್ಟಿದ ಸುದ್ದಿ ಇನ್ನೊಂದು ಕಡೆ. ಅವನು ಕುಡಿದಿದ್ದನಂತೆ! ಎಲೆಅಡಿಕೆ ಬಿಟ್ಟರೆ ಬೇರೊಂದು ಚಟವಿಲ್ಲದ ಮನುಷ್ಯ. ಕುಡಿದದ್ದು ಅವನಲ್ಲ, ಆ ದಾರಿಯೇ ಹಾಗಿದೆ. ಆಸ್ತಿ ಪಾಲಾಗುವಾಗ ನಾನು ಹೇಳಿದ್ದೆ, ದಾರಿಯನ್ನು ದರೆಯ ಬದಿಯಲ್ಲಿ ಬಳಸಿ ತರೋಣ, ನೆಟ್ಟಗೆ ಇಳಿಸುವುದು ಬೇಡ ಎಂದು. ಬಳಸಿದರೆ ಯಾರದೋ ನಾಲ್ಕು ಮರ ಹೋಗುತ್ತವೆಂದು ರಾದ್ಧಾಂತವಾಯಿತು. ಹೆಸರು ಹೇಳುವುದಿಲ್ಲ. ಇದೇ ಗುಂಪಿನಲ್ಲಿದ್ದಾರೆ, ಈಗ ಕೇಳಿಸಿಕೊಳ್ಳುತ್ತಲೂ ಇದ್ದಾರೆ. ಆ ನಾಲ್ಕರಲ್ಲಿ ಎರಡು ಮರ ಹಿಡಿಮುಂಡಿಗೆ ರೋಗ ಬಂದು ಹೋದವು, ದಾರಿ ಮಾತ್ರ ಹಾಗೆಯೇ ಉಳಿಯಿತು. ಆಸ್ಪತ್ರೆಯ ಖರ್ಚಿಗೆ ಕೈ ಹಿಂದೆ ಕಟ್ಟಿಕೊಂಡವರು ಮನೆಯಲ್ಲಿ ಯಾವ ಕಾರ್ಯ ನಡೆದರೂ ಮೊದಲ ಪಂಕ್ತಿಗೇ ಹಾಜರು. ಇರಲಿ, ನನಗೇನು. ಆದರೆ ಮೊನ್ನೆಯ ವೈದಿಕದಲ್ಲಿ ನನ್ನನ್ನು ಮಾತನಾಡಿಸದೆ ಹೋದರಲ್ಲ, ಅದು ಸರಿಯೇ?

ಹಾಂ, ಆಟೋ. ಅಸಲು ಹೇಳಬೇಕಾದದ್ದನ್ನೇ ಬಿಟ್ಟೆ. ಟಿಲ್ಲರ್ ಟ್ರೈಲರ್‌ನ ಬ್ರೇಕ್ ಇರುವುದು ಟ್ರೈಲರ್‌ನಲ್ಲೇ, ಅದರ ಸೀಟಿನ ಮುಂದೆ, ಕಾಲಿನಲ್ಲಿ ಒತ್ತುವಂಥದ್ದು. ಅದನ್ನು ಆಟೋಗೆ ಕಟ್ಟಿದರೆ ಆ ಬ್ರೇಕ್ ಒತ್ತುವವರು ಯಾರು? ಅವನೇನೋ ಆಟೋದೊಳಗೆ ಕುಳಿತಿರುತ್ತಾನೆ. ಹತ್ತು ಅಡಿಗೆ ಒಂದು ಅಡಿ ಇಳಿಯುವ ಜಾಗದಲ್ಲಿ ಸಾವಿರ ಕೆಜಿಯ ಹೇರು ಸುಮಾರು ನೂರು ಕೆಜಿಯಷ್ಟು ಬಲದಿಂದ ಬೆನ್ನಿಗೆ ಒತ್ತುತ್ತದೆ. ನಮ್ಮ ದಾರಿ ಅದಕ್ಕಿಂತಲೂ ಕಡಿದು. ಮತ್ತೆ ಹೇಳುತ್ತೇನೆ, ಇಳುಕಲಿನಲ್ಲಿ ಟ್ರೈಲರ್ ತಳ್ಳುತ್ತದೆ, ತಳ್ಳಿಯೇ ತಳ್ಳುತ್ತದೆ.

ಆಟೋಗೆ ಮುಂದೆ ಇರುವುದು ಒಂದೇ ಚಕ್ರ. ಟ್ರೈಲರ್‌ನ ಮೂತಿ ಭಾರವಾದರೆ ಏರಿನಲ್ಲಿ ಆ ಚಕ್ರ ಹಗುರಾಗಿ ಹ್ಯಾಂಡಲ್ ತಿರುಗಿಸಿದರೂ ಗಾಡಿ ತಿರುಗದು. ಬಾಲ ಭಾರವಾದರೆ ಆಟೋದ ಹಿಂಬದಿ ಮೇಲೆದ್ದು, ಮೋಟರ್ ತಿರುಗಿಸುವ ಚಕ್ರಗಳೇ ನೆಲದ ಹಿಡಿತ ಬಿಡುತ್ತವೆ. ವೇಗ ಇಳಿಸಿದಾಗ ಬ್ಯಾಟರಿಗೆ ಕರೆಂಟ್ ವಾಪಸು ಹೋಗಿ ಗಾಡಿ ತಾನಾಗಿ ನಿಧಾನವಾಗುತ್ತದೆ ಎಂದು ಅವನು ನನಗೆ ವಿವರಿಸಿದ್ದಾನೆ. ನಿಜ, ಆದರೆ ರಾತ್ರಿಯಿಡೀ ಚಾರ್ಜ್‌ಗೆ ಹಾಕಿ ಬ್ಯಾಟರಿ ತುಂಬಿದ್ದರೆ ಆ ಕರೆಂಟಿಗೆ ಜಾಗವಿರುವುದಿಲ್ಲ, ಬೆಳಗಿನ ಮೊದಲ ಇಳುಕಲಿನಲ್ಲೇ ಆ ಸಹಾಯ ಕಡಿಮೆಯಾಗುತ್ತದೆ. ಹಾಗಾಗಿ ಮೇಲಿನ ತೋಟಕ್ಕೆ ಹೋಗುವ ದಿನ ಪೂರ್ತಿ ತುಂಬಿಸುವುದು ಬೇಡ.

ಕೊಕ್ಕೆ ಬೆಸೆಯುವುದೂ ಸುಲಭದ ಮಾತಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಲ್ಲಿ ಗಾಡಿಯ ಮೂಲ ರಚನೆ ಬದಲಿಸುವುದಕ್ಕೆ ತಡೆ ಇದೆ, ರಸ್ತೆಗೆ ಇಳಿಸಿದರೆ ಟ್ರೈಲರ್‌ಗೂ ನೋಂದಣಿ ಬೇಕು. ನಾಳೆ ಏನಾದರೂ ಆದರೆ ವಿಮೆಯವರಿಗೆ ಆ ಕೊಕ್ಕೆಯೊಂದೇ ಸಾಕು, ಕಡತ ಮುಚ್ಚಿಬಿಡುತ್ತಾರೆ. ಆರ್‌ಸಿಯಲ್ಲಿ ಖಾಲಿ ತೂಕ, ಹೇರು ಸೇರಿದ ತೂಕ ಎರಡೂ ಇರುತ್ತವೆ. ಒಂದರಲ್ಲಿ ಒಂದನ್ನು ಕಳೆದು, ತನ್ನ ತೂಕವನ್ನೂ ತೆಗೆದು, ಉಳಿದಷ್ಟನ್ನೇ ಆಟೋದ ಡಬ್ಬಿಯಲ್ಲಿ ಹೇರಲಿ. ಒಂದು ಸಲಕ್ಕೆ ಆಗದಿದ್ದರೆ ಮೂರು ಸಲ ಹೋಗಲಿ, ಕರೆಂಟಿಗೆ ಎಷ್ಟು ಮಹಾ ಖರ್ಚು?

ವೆಲ್ಡಿಂಗ್ ಅಂಗಡಿಗೆ ಈಗಲೇ ಫೋನ್ ಮಾಡಿಸು, ಊಟ ಆಮೇಲೆ. ಟ್ರೈಲರ್ ಬೇಕೇ ಬೇಕೆಂದರೆ ನಮ್ಮ ಕೊಟ್ಟಿಗೆಯಲ್ಲಿ ಟಿಲ್ಲರ್ ನಿಂತಿದೆ, ಗದ್ದೆಯ ಕಡೆಯ ಕೆಲಸಕ್ಕೆ ತೆಗೆದುಕೊಂಡು ಹೋಗಲಿ. ಅದರ ಬೆಲ್ಟ್ ಸವೆದಿದೆ, ಬರುವಾಗ ಪೇಟೆಯಿಂದ ಹೊಸದು ತರಲು ಹೇಳು.