ತಾತ ಕಟ್ಟಿಸಿದ ಟಾಕೀಸು ಮತ್ತೆ ತೆರೆಯಬಹುದಾ? ನಡೆಸಿದ ಅನುಭವ ಇದ್ದವರು ಹೇಳಿ

ತುಮಕೂರು ಕಡೆಯವಳು

ಎಲ್ಲರಿಗೂ ನಮಸ್ಕಾರ. ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ ನಮ್ಮದು. ಬಸ್ ಸ್ಟ್ಯಾಂಡ್ ಹಿಂದೆ ನಮ್ಮ ತಾತ 1979ರಲ್ಲಿ ಕಟ್ಟಿಸಿದ ಟಾಕೀಸು ಇದೆ. 640 ಸೀಟು. ಮುಂದೆ ಗಾಂಧಿ ಕ್ಲಾಸ್, ಹಿಂದೆ ಸೆಕೆಂಡ್ ಕ್ಲಾಸ್, ಮೇಲೆ ಬಾಲ್ಕನಿ. 2020ರ ಮಾರ್ಚ್‌ನಲ್ಲಿ ಕೊರೊನಾ ಅಂತ ಬೀಗ ಹಾಕಿದ್ದು, ಆಮೇಲೆ ಅಪ್ಪ ತೆಗೆಯಲೇ ಇಲ್ಲ. ಹೋದ ವರ್ಷ ಅಪ್ಪ ತೀರಿಕೊಂಡರು.

ಈಗ ಮೂರು ಕಡೆಯವರು ಬಂದು ಕೇಳುತ್ತಿದ್ದಾರೆ. ಒಬ್ಬರಿಗೆ ಕಲ್ಯಾಣ ಮಂಟಪ ಮಾಡಬೇಕಂತೆ. ಒಬ್ಬರಿಗೆ ಕೊಬ್ಬರಿ ಗೋಡೌನ್. ಇನ್ನೊಬ್ಬರು ಕೆಡವಿ ಅಂಗಡಿ ಸಾಲು ಕಟ್ಟಿಸುತ್ತಾರಂತೆ. ಕೊಟ್ಟುಬಿಡು ಅಂತ ಚಿಕ್ಕಪ್ಪ ಹೇಳುತ್ತಾರೆ. ಅಮ್ಮ ಏನೂ ಹೇಳುವುದಿಲ್ಲ. ಆದರೆ ಬೀಗದ ಕೈ ಗೊಂಚಲು ಇನ್ನೂ ಅವರ ದಿಂಬಿನ ಪಕ್ಕದಲ್ಲೇ ಇದೆ.

ಭಾನುವಾರ ಒಳಗೆ ಹೋಗಿ ನೋಡಿದೆ. ಬಾಲ್ಕನಿ ಸೀಟುಗಳ ಫೋಮನ್ನು ಇಲಿ ಕಿತ್ತುಹಾಕಿವೆ. ಪರದೆ ಪೂರ್ತಿ ಹಳದಿ ಆಗಿದೆ. ಕ್ಯಾಬಿನ್‌ನಲ್ಲಿ ಹಳೇ ಪ್ರೊಜೆಕ್ಟರ್ ಎರಡೂ ಹಾಗೇ ನಿಂತಿವೆ. ಬುಕಿಂಗ್ ರೂಮಿನ ಡ್ರಾಯರ್ ಎಳೆದರೆ ಟಿಕೆಟ್ ಕಟ್ಟುಗಳು, ಗುಲಾಬಿ, ಹಳದಿ, ಹಸಿರು, ಮನರಂಜನಾ ತೆರಿಗೆಯ ಸೀಲು ಬಿದ್ದದ್ದು. ಚಿಕ್ಕವಳಿದ್ದಾಗ ಅಪ್ಪನ ಪಕ್ಕ ಕೂತು ಆ ಟಿಕೆಟ್ ಹರಿದು ಕೊಡುತ್ತಿದ್ದೆ. ಅಲ್ಲೇ ಕೂತು ಅತ್ತೆ.

ನಾನು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಈ ವ್ಯವಹಾರ ಗೊತ್ತಿಲ್ಲ. ಮತ್ತೆ ತೆರೆದರೆ ನಡೆಯುತ್ತದಾ? ನಿಜ ಹೇಳಿ, ಬೇಜಾರು ಮಾಡಿಕೊಳ್ಳುವುದಿಲ್ಲ.

ಮಂಡ್ಯದ ಹುಡುಗ

ಅಕ್ಕ, ಬೇಡ. ಗಾಂಧಿನಗರದ ಕಪಾಲಿಯೇ ನೆಲಸಮ ಆಯಿತು. ಮೈಸೂರಿನ ಶಾಂತಲಾ 2020ರಲ್ಲಿ ಮುಚ್ಚಿತು. ಸ್ಯಾಂಕಿ ರಸ್ತೆಯ ಕಾವೇರಿ 2024ರಲ್ಲಿ ಹೋಯಿತು. ಅಂಥ ಜಾಗದಲ್ಲೇ ಆಗಲಿಲ್ಲ ಅಂದಮೇಲೆ ತಾಲ್ಲೂಕಿನಲ್ಲಿ ಹೇಗೆ ಆಗುತ್ತದೆ? ನಾಲ್ಕು ವಾರ ಕಾದರೆ ಸಿನಿಮಾ ಮೊಬೈಲಿಗೇ ಬರುತ್ತದೆ. ಕಲ್ಯಾಣ ಮಂಟಪಕ್ಕೆ ಕೊಟ್ಟರೆ ಕಟ್ಟಡವಾದರೂ ಉಳಿಯುತ್ತದೆ. ನನಗೂ ಟಾಕೀಸು ಅಂದರೆ ಪ್ರಾಣ, ಅದಕ್ಕೇ ಹೇಳುತ್ತಿದ್ದೇನೆ.

ಮಲೆನಾಡು ಆಪರೇಟರ್

ನೋಡಮ್ಮ, ಮೇಲಿನ ತಮ್ಮ ಬರೆದದ್ದು ಸುಳ್ಳಲ್ಲ. ಆದರೂ ನನ್ನದನ್ನೂ ಪೂರ್ತಿ ಓದಿ, ಆಮೇಲೆ ತೀರ್ಮಾನ ಮಾಡಿ.

ನಾನು 1983ರಲ್ಲಿ, ಹದಿನೇಳನೇ ವಯಸ್ಸಿಗೆ, ಶಿವಮೊಗ್ಗ ಜಿಲ್ಲೆಯ ಒಂದು ಟಾಕೀಸಿನಲ್ಲಿ ರೀಲು ಸುತ್ತುವ ಹುಡುಗನಾಗಿ ಸೇರಿದೆ. ಆಮೇಲೆ ಆಪರೇಟರ್ ಆದೆ. 2022ರಿಂದ ಇಬ್ಬರು ಸ್ನೇಹಿತರ ಜೊತೆ ಅದೇ ಟಾಕೀಸನ್ನು ಲೀಸಿಗೆ ತಗೊಂಡು ನಡೆಸುತ್ತಿದ್ದೇನೆ.

ನಿಮ್ಮ ಕ್ಯಾಬಿನ್‌ನಲ್ಲಿ ಎರಡು ಪ್ರೊಜೆಕ್ಟರ್ ಇವೆ ಅಂದಿರಲ್ಲ, ನನ್ನ ಆಯಸ್ಸು ಅಂಥ ಎರಡರ ಮಧ್ಯೆ ಕಳೆಯಿತು. ಒಂದರಲ್ಲಿ ರೀಲು ಓಡುತ್ತಿರುವಾಗ ಇನ್ನೊಂದಕ್ಕೆ ಮುಂದಿನ ರೀಲು ಏರಿಸಿ, ಬೆಳಕಿಗೆ ಉರಿಸುವ ಕಾರ್ಬನ್ ಕಡ್ಡಿ ಹಚ್ಚಿ ಕಾಯಬೇಕು. ಪರದೆಯ ಬಲಗಡೆ ಮೇಲಿನ ಮೂಲೆಯಲ್ಲಿ ಒಂದು ಚುಕ್ಕಿ ಮಿಂಚಿ ಹೋಗುತ್ತದೆ. ಆಗ ಮೋಟಾರು ಹಾಕಬೇಕು. ಏಳೆಂಟು ಸೆಕೆಂಡಿಗೆ ಇನ್ನೊಂದು ಚುಕ್ಕಿ. ತಕ್ಷಣ ಬದಲಾಯಿಸಬೇಕು. ಆ ಹೊತ್ತಿನಲ್ಲಿ ಕಣ್ಣು ಆಚೆ ಈಚೆ ಹೋದರೆ ಪರದೆ ಬೆಳ್ಳಗೆ, ಕೆಳಗಿನಿಂದ ಶಿಳ್ಳೆ, ಕೂಗಾಟ. ಇವತ್ತಿಗೂ ಎಲ್ಲಿ ಸಿನಿಮಾ ನೋಡಿದರೂ ನನ್ನ ಕಣ್ಣು ಆ ಬಲ ಮೂಲೆಗೇ ಹೋಗುತ್ತದೆ.

ಕ್ಯಾಬಿನ್‌ನ ಕಿಂಡಿಯಿಂದ ಪರದೆ ಕಾಣುವ ಹಾಗೆ ಜನರೂ ಕಾಣುತ್ತಾರೆ. ಟಾಕೀಸು ಹೇಗೆ ಸೊರಗಿತು ಅಂತ ನಾನು ನೋಡಿದ್ದು ಆ ಕಿಂಡಿಯಿಂದ. ಎಲ್ಲರೂ ಟಿವಿ ಕೊಂದಿತು, ಮೊಬೈಲ್ ಕೊಂದಿತು ಅಂತಾರೆ. ನಾನು ಕಂಡದ್ದು ಬೇರೆ. ಮೊದಲು ಖಾಲಿ ಆದದ್ದು ಎಡಗಡೆ ಹೆಂಗಸರ ಸಾಲು.

ಎಂಬತ್ತರ ದಶಕದಲ್ಲಿ ಮ್ಯಾಟಿನಿ ಅಂದರೆ ಹೆಂಗಸರದ್ದೇ. ಸುತ್ತಲ ಹಳ್ಳಿಯಿಂದ ಹನ್ನೊಂದರ ಬಸ್ಸಿಗೆ ಬಂದು, ಸಂತೆ ಮುಗಿಸಿ, ಮಕ್ಕಳನ್ನು ಕಟ್ಟಿಕೊಂಡು ಬರುತ್ತಿದ್ದರು. ಕಂಕುಳಲ್ಲಿ ಕೂಸು, ಚೀಲದಲ್ಲಿ ಬುತ್ತಿ. ಆಮೇಲೆ ಟಾಯ್ಲೆಟ್ ಕೆಟ್ಟಿತು, ರಿಪೇರಿ ಮಾಡಿಸಲಿಲ್ಲ. ಸೀಟಿಗೆ ತಿಗಣೆ ಬಂತು, ಔಷಧಿ ಹೊಡೆಸಲಿಲ್ಲ. ಅವರು ಬರುವುದು ಕಮ್ಮಿ ಆಯಿತು. ಕಲೆಕ್ಷನ್ ಇಳಿಯಿತು ಅಂತ ಆಗಿನ ನಮ್ಮ ಯಜಮಾನರು ಮಾರ್ನಿಂಗ್ ಶೋಗೆ 'ಎ' ಸರ್ಟಿಫಿಕೇಟ್ ಡಬ್ಬಿಂಗ್ ಸಿನಿಮಾ ಹಾಕಲು ಶುರು ಮಾಡಿದರು. ಆ ಪೋಸ್ಟರ್ ಗೋಡೆಗೆ ಬಿದ್ದ ಮೇಲೆ ಸಂಸಾರಸ್ಥರು ಟಾಕೀಸಿನ ಮುಂದೆ ಬಸ್ಸಿಗೆ ನಿಲ್ಲುವುದನ್ನೂ ಬಿಟ್ಟರು. ನನ್ನ ಸ್ವಂತ ತಂಗಿಯೇ ಬುತ್ತಿ ಕೊಡಲು ಒಳಗೆ ಬರುತ್ತಿರಲಿಲ್ಲ, ಗೇಟಿನಲ್ಲಿ ಇಟ್ಟು ಹೋಗುತ್ತಿದ್ದಳು. ಆ ನೋವು ನನಗೆ ಇನ್ನೂ ಇದೆ.

2010ರ ಆಸುಪಾಸಿನಲ್ಲಿ ಡಿಜಿಟಲ್ ಬಂತು. ರೀಲಿಲ್ಲದೆ ಸಿನಿಮಾ ಕಳಿಸುವ ಯುಎಫ್‌ಒ, ಕ್ಯೂಬ್ ಅನ್ನುವ ಕಂಪನಿಗಳು. ರೀಲಿನ ಕಾಲದಲ್ಲಿ ಪ್ರಿಂಟ್ ಬೆಂಗಳೂರು, ಜಿಲ್ಲಾ ಕೇಂದ್ರ ಎಲ್ಲ ಸುತ್ತಿ ಎಷ್ಟೋ ವಾರ ಆದ ಮೇಲೆ ಬಸ್ಸಿನ ಟಾಪಿನ ಮೇಲೆ ನಮ್ಮಲ್ಲಿಗೆ ಬರುತ್ತಿತ್ತು. ಗೀರು ಬಿದ್ದಿರುತ್ತಿತ್ತು ನಿಜ. ಆದರೆ ಅಷ್ಟರಲ್ಲಿ ಅದು ಓಡಿದ ಸಿನಿಮಾನೋ, ಬಿದ್ದ ಸಿನಿಮಾನೋ ಅಂತ ಊರಿಗೇ ಗೊತ್ತಿರುತ್ತಿತ್ತು. ಓಡಿದ್ದನ್ನು ಮಾತ್ರ ತರಿಸುತ್ತಿದ್ದೆವು. ಡಿಜಿಟಲ್ ಆದ ಮೇಲೆ ಬೆಂಗಳೂರಿನ ಶುಕ್ರವಾರವೇ ನಮಗೂ ಶುಕ್ರವಾರ. ಖುಷಿ ಆಯಿತು. ಆದರೆ ಗೊತ್ತಿಲ್ಲದ ಸಿನಿಮಾಕ್ಕೆ ಅಡ್ವಾನ್ಸ್ ಕಟ್ಟಿ ಶುಕ್ರವಾರ ಕಾಯುವ ಜೂಜು ನಮ್ಮ ತಲೆಗೂ ಬಂತು. ಭಾನುವಾರ ಮುಗಿದರೆ ಸೋಮವಾರ ಹಾಲ್ ಖಾಲಿ.

ಇನ್ನು ನಾವು ಮಾಡಿದ್ದು ಹೇಳುತ್ತೇನೆ. ಮೊದಲ ದುಡ್ಡು ಹೋದದ್ದು ಪ್ರೊಜೆಕ್ಟರಿಗೆ ಅಲ್ಲ, ಹೆಂಗಸರ ಟಾಯ್ಲೆಟ್‌ಗೆ. ಅದನ್ನು ನಮ್ಮ ಮನೆಯವಳೇ ನಿಂತು ಮಾಡಿಸಿದಳು. ಗಾರೆಯವನು ಟೈಲ್ಸ್ ಬಗ್ಗೆ ಕೇಳಿದರೆ ಇವಳು ಚಿಲಕದ ಬಗ್ಗೆ ಹೇಳುತ್ತಿದ್ದಳು. ಒಳಗಿನಿಂದ ಗಟ್ಟಿಯಾಗಿ ಬೀಳುವ ಚಿಲಕ. ಬ್ಯಾಗು ನೇತುಹಾಕಲು ಎದೆ ಮಟ್ಟಕ್ಕೆ ಒಂದು ಕೊಕ್ಕೆ. ಕೂಸಿನ ಬಟ್ಟೆ ಬದಲಾಯಿಸಲು ಒಂದು ಕಡಪಾ ಕಲ್ಲಿನ ಕಟ್ಟೆ. ಕರೆಂಟ್ ಹೋದರೂ ಉರಿಯುವ ಒಂದು ದೀಪ. ಇದ್ಯಾವುದೂ ನನಗೆ ಹೊಳೆದಿರಲಿಲ್ಲ, ನಲವತ್ತು ವರ್ಷ ಟಾಕೀಸಿನಲ್ಲೇ ಇದ್ದವನಿಗೆ.

ಆಮೇಲೆ ಬಾಲ್ಕನಿ ಮುಚ್ಚಿದೆವು. ಗಾಂಧಿ ಕ್ಲಾಸಿನ ಬೆಂಚು ತೆಗೆದೆವು. 580 ಇದ್ದದ್ದನ್ನು 210 ಸೀಟಿಗೆ ಇಳಿಸಿದೆವು. ದೊಡ್ಡ ಹಾಲಿನಲ್ಲಿ ನಲವತ್ತು ಜನ ಕೂತರೆ ಸೂತಕದ ಮನೆ ಥರ ಇರುತ್ತದೆ. ಚಿಕ್ಕದರಲ್ಲಿ ಅದೇ ನಲವತ್ತು ಜನ ನಕ್ಕರೆ ನಗು ಒಬ್ಬರಿಂದ ಒಬ್ಬರಿಗೆ ಹತ್ತುತ್ತದೆ. ಶುಕ್ರ, ಶನಿ, ಭಾನುವಾರ ಮಾತ್ರ ಶೋ, ದಿನಕ್ಕೆ ಎರಡು. ಸೆಕೆಂಡ್ ಶೋ ಇಲ್ಲವೇ ಇಲ್ಲ. ಫಸ್ಟ್ ಶೋ ಆರು ಗಂಟೆಗೆ, ಕೊನೇ ಬಸ್ಸಿಗೆ ಮುಂಚೆ ಬಿಡಬೇಕು ಅಂತ.

2022ರ ಸೆಪ್ಟೆಂಬರ್ 30ಕ್ಕೆ 'ಕಾಂತಾರ' ಬಂತು. ಎರಡನೇ ವಾರ ಒಬ್ಬ ಅಜ್ಜಿ ಮೊಮ್ಮಗನ ಕೈ ಹಿಡಿದು ಬಂದರು. ಇಪ್ಪತ್ತೈದು ವರ್ಷ ಆಗಿತ್ತಂತೆ ಟಾಕೀಸು ಹತ್ತಿ. ಒಳಗೆ ಬಂದವರೇ ಯಾರನ್ನೂ ಕೇಳದೆ ನೇರವಾಗಿ ಎಡಗಡೆ ಹೋಗಿ ಕೂತರು. ಈಗ ಅಲ್ಲಿ ಹೆಂಗಸರ ಸಾಲು ಅಂತ ಬೇರೆ ಇಲ್ಲ. ನಾನು ಕಿಂಡಿಯಲ್ಲಿ ನೋಡುತ್ತಾ ನಿಂತುಬಿಟ್ಟೆ.

ಹಾಗಂತ ದಿನಾ ಹಾಗಿಲ್ಲ. ಮೊದಲ ವರ್ಷ ಕೈಯಿಂದ ಹಾಕಿದ್ದೇವೆ. ಜುಲೈನಲ್ಲಿ ಜಿಂಕ್ ಶೀಟಿನ ಮೇಲೆ ಮಳೆ ಬಿದ್ದರೆ ಡೈಲಾಗೇ ಕೇಳುವುದಿಲ್ಲ. ಒಂಬತ್ತು ಜನಕ್ಕೂ ಶೋ ಹಾಕಿದ್ದೇನೆ. ಒಬ್ಬ ಹಂಚಿಕೆದಾರರು ದಿನಕ್ಕೆ ನಾಲ್ಕು ಶೋ ಹಾಕದಿದ್ದರೆ ಸಿನಿಮಾನೇ ಕೊಡುವುದಿಲ್ಲ ಅಂದರು. ಹಬ್ಬದ ವಾರ ಬಾಗಿಲು ಹಾಕಿಕೊಂಡು ಕೂತೆವು. ಈಗ ಖರ್ಚಿಗೆ ಖರ್ಚು ಸರಿಹೋಗುತ್ತದೆ, ಮೇಲೆ ಸ್ವಲ್ಪ ಮಿಗುತ್ತದೆ. ನಡುವಾರ ಶಾಲೆಗಳ ವಾರ್ಷಿಕೋತ್ಸವ, ತಾಳಮದ್ದಳೆ, ಕಾಲೇಜಿನ ಕಾರ್ಯಕ್ರಮಕ್ಕೆ ಬಾಡಿಗೆಗೆ ಕೊಡುತ್ತೇವೆ, ಒಪ್ಪಿಗೆ ತಗೊಂಡೇ. ನಿಜ ಹೇಳಬೇಕಂದರೆ ಆ ಬಾಡಿಗೆ ಇಲ್ಲದಿದ್ದರೆ ಬರೀ ಸಿನಿಮಾದಿಂದ ಆಗುತ್ತಿರಲಿಲ್ಲ.

ಈಗ ನಿಮಗೆ. ಮೊದಲು ಕರೆಂಟ್ ಬಿಲ್ ತೆಗೆದು ನೋಡಿ. ಶೋ ಇರಲಿ ಇಲ್ಲದಿರಲಿ, ಮಂಜೂರಾದ ಲೋಡ್‌ಗೆ ಫಿಕ್ಸೆಡ್ ಚಾರ್ಜ್ ಬೀಳುತ್ತಲೇ ಇರುತ್ತದೆ. ಬಾಕಿ ಇದ್ದರೆ ತೀರಿಸಿ, ಲೋಡ್ ಇಳಿಸಲು ಅರ್ಜಿ ಕೊಡಿ. ಎರಡನೆಯದು ಲೈಸೆನ್ಸ್. ಅದು ಡಿಸಿ ಆಫೀಸಿನದು, 1964ರ ಕರ್ನಾಟಕ ಸಿನಿಮಾ ಕಾಯ್ದೆಯ ಪ್ರಕಾರ. ಇಷ್ಟು ವರ್ಷ ಮುಚ್ಚಿದ್ದಕ್ಕೆ ಕಟ್ಟಡ, ವಿದ್ಯುತ್, ಅಗ್ನಿಶಾಮಕ ಎಲ್ಲಾ ಸರ್ಟಿಫಿಕೇಟ್ ಹೊಸದಾಗಿ ಬೇಕಾಗುತ್ತದೆ. ಇದರಲ್ಲಿ ಕೈ ಬೆಚ್ಚಗೆ ಮಾಡಿ ಸುಲಭ ದಾರಿ ಹುಡುಕಬೇಡಿ, ದಯವಿಟ್ಟು. 1997ರಲ್ಲಿ ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ ಬೆಂಕಿ ಬಿದ್ದು 59 ಜನ ಹೋದರು. ಹೊರಗೆ ಹೋಗುವ ದಾರಿ ಸಿಗದೆ ಉಸಿರುಗಟ್ಟಿ ಸತ್ತರು. ನಾನು ಪ್ರತಿ ಶೋಗೆ ಮುಂಚೆ ಎಲ್ಲಾ ಬಾಗಿಲನ್ನೂ ಕೈಯಿಂದ ತಳ್ಳಿ ನೋಡುತ್ತೇನೆ.

ತೆರಿಗೆ ವಿಷಯದಲ್ಲಿ ಒಂದು ಒಳ್ಳೇದಾಗಿದೆ. 2025ರ ಸೆಪ್ಟೆಂಬರ್ 22ರಿಂದ ನೂರು ರೂಪಾಯಿವರೆಗಿನ ಟಿಕೆಟ್‌ಗೆ ಜಿಎಸ್‌ಟಿ 12ರಿಂದ 5ಕ್ಕೆ ಇಳಿದಿದೆ. ನೂರರ ಟಿಕೆಟ್‌ಗೆ ಆರು ರೂಪಾಯಿ ಹತ್ತಿರ ಉಳಿಯುತ್ತದೆ. ಹಂಚಿಕೆದಾರರ ಶೇರ್ ಹೋಗಿ ನಮಗೆ ಬರುವುದು ಅದರಲ್ಲಿ ಅರ್ಧ. ಆದರೂ ನಮ್ಮಂಥವರಿಗೆ ಅದು ದೊಡ್ಡದೇ.

ಸಾಗರದವಳು

ಆಪರೇಟರ್ ಅಣ್ಣ ಬರೆದದ್ದನ್ನು ಓದಿ ನಮ್ಮ ಅತ್ತೆಗೂ ಓದಿ ಹೇಳಿದೆ. ಟಾಯ್ಲೆಟ್ ವಿಷಯ ನೂರಕ್ಕೆ ನೂರು ಸರಿ ಅಂದರು. ಅವರು ಟಾಕೀಸಿಗೆ ಹೋಗುವ ದಿನ ಬೆಳಗಿನಿಂದ ನೀರೇ ಕುಡಿಯುತ್ತಿರಲಿಲ್ಲವಂತೆ.

ಇನ್ನೊಂದು ಮಾತು. ನಮ್ಮ ಪಕ್ಕದ ಹೆಗ್ಗೋಡಿನಲ್ಲಿ ನಾಟಕದ ಸಂಸ್ಥೆ ನೀನಾಸಮ್‌ನವರು 1973ರಲ್ಲೇ ಚಿತ್ರಸಮಾಜ, ಅಂದರೆ ಸದಸ್ಯರು ಸೇರಿ ಸಿನಿಮಾ ನೋಡುವ ಕೂಟ, ಶುರು ಮಾಡಿದ್ದರು. ಅಡಿಕೆ ತೋಟದ ಜನ ಸಂಜೆ ಬಂದು ಜಪಾನು, ಬಂಗಾಳದ ಸಿನಿಮಾ ನೋಡುತ್ತಿದ್ದರು. ಹಳ್ಳಿಯವರಿಗೆ ಅರ್ಥ ಆಗುವುದಿಲ್ಲ ಅನ್ನುವವರಿಗೆ ಅದೇ ಉತ್ತರ. ನೀವು ಪಾಠ ಮಾಡುವವರು, ಅಲ್ವಾ? ನಿಮ್ಮ ಹುಡುಗ ಹುಡುಗಿಯರನ್ನು ಸೇರಿಸಿ ತಿಂಗಳಿಗೊಂದು ಬುಧವಾರ ಹೀಗೆ ಯಾಕೆ ಮಾಡಬಾರದು? ಸದಸ್ಯರ ಚಂದಾ ಮೊದಲೇ ಬಂದಿರುತ್ತದೆ, ಖಾಲಿ ಹಾಲಿನ ಭಯ ಇರುವುದಿಲ್ಲ.

ಮಂಡ್ಯದ ಹುಡುಗ

ಅಣ್ಣ, ಟಿಕೆಟ್‌ಗೆ 200 ರೂಪಾಯಿ ಮಿತಿ ಅಂತ ಸರ್ಕಾರ ಆದೇಶ ಮಾಡಿತ್ತಲ್ಲ, ಅದರಿಂದ ಏನಾದರೂ ಉಪಯೋಗ ಆಯಿತಾ?

ಮಲೆನಾಡು ಆಪರೇಟರ್

2025ರ ಸೆಪ್ಟೆಂಬರ್‌ನಲ್ಲಿ ಆದೇಶ ಬಂತು, ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ಅದು ಮಾಲ್‌ನವರ ಜಗಳ ತಮ್ಮ. ನಮ್ಮದು 80, 100ರ ಟಿಕೆಟ್. ನಮಗೆ ತಾಗುವುದಿಲ್ಲ.

ತುಮಕೂರು ಕಡೆಯವಳು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಆಪರೇಟರ್ ಅಂಕಲ್, ನಿಮ್ಮದನ್ನು ಅಮ್ಮನ ಮುಂದೆ ಜೋರಾಗಿ ಓದಿದೆ. ಮಾರ್ನಿಂಗ್ ಶೋ ವಿಷಯ ಬಂದಾಗ ಅಮ್ಮ ತಲೆ ತಗ್ಗಿಸಿಬಿಟ್ಟರು. ಸ್ವಲ್ಪ ಹೊತ್ತಾದ ಮೇಲೆ ಹೇಳಿದರು, ನಮ್ಮಲ್ಲೂ ಎರಡು ವರ್ಷ ಹಾಕಿದ್ದರಂತೆ. ಆಗ ಅಮ್ಮ ಅಪ್ಪನ ಹತ್ತಿರ ತಿಂಗಳುಗಟ್ಟಲೆ ಮಾತು ಬಿಟ್ಟಿದ್ದರಂತೆ. ನನಗೆ ಇದುವರೆಗೂ ಗೊತ್ತಿರಲಿಲ್ಲ.

ಆಮೇಲೆ ಅಮ್ಮನೇ ಎದ್ದು ಬೀಗದ ಕೈ ತಗೊಂಡು ಬಂದರು. ಇಬ್ಬರೂ ಹೋದೆವು. ಅಮ್ಮ ಬಾಲ್ಕನಿ ಕಡೆ ನೋಡಲೂ ಇಲ್ಲ, ನೇರವಾಗಿ ಹಿಂದಿನ ಟಾಯ್ಲೆಟ್ ಹತ್ತಿರ ಹೋದರು. ನಾಲ್ಕು ರೂಮು ಇವೆ, ಎರಡಕ್ಕೆ ಬಾಗಿಲಿಲ್ಲ. ಪಕ್ಕದ ಬಾವಿಯಲ್ಲಿ ನೀರಿದೆ. ಚಿಕ್ಕಪ್ಪನಿಗೆ ಯುಗಾದಿವರೆಗೆ ಟೈಮ್ ಕೇಳಿದ್ದೇನೆ. ಕರೆಂಟ್ ಆಫೀಸಿಗೆ ಸೋಮವಾರ ಹೋಗುತ್ತೇನೆ.

ಒಂದು ಪ್ರಶ್ನೆ. ಹಳೇ ಪ್ರೊಜೆಕ್ಟರ್ ಎರಡನ್ನೂ ಗುಜರಿಯವನು ಕೇಳುತ್ತಿದ್ದಾನೆ. ಕೊಡಲಾ?

ಮಲೆನಾಡು ಆಪರೇಟರ್

ಕೊಡಬೇಡಮ್ಮ. ಒಂದನ್ನು ಬಾಗಿಲ ಹತ್ತಿರ ಮಕ್ಕಳು ಮುಟ್ಟಿ ನೋಡುವ ಹಾಗೆ ಇಡಿ. ನಮ್ಮಲ್ಲಿ ಇಟ್ಟಿದ್ದೇವೆ, ಇಂಟರ್‌ವಲ್‌ನಲ್ಲಿ ಹುಡುಗರು ಹ್ಯಾಂಡಲ್ ತಿರುಗಿಸಲು ಸಾಲು ನಿಲ್ಲುತ್ತಾರೆ. ಇನ್ನೊಂದಕ್ಕೆ ಎಣ್ಣೆ ಬಿಡಿ, ತುಕ್ಕು ಹಿಡಿಯದ ಹಾಗೆ ಬಟ್ಟೆ ಹೊದಿಸಿ. ಲೆನ್ಸ್ ಮಾತ್ರ ಬಿಚ್ಚಿ ಮನೆಗೆ ತಗೊಂಡು ಹೋಗಿ ಒಣಗಿದ ಜಾಗದಲ್ಲಿ ಇಡಿ, ಬೂಸ್ಟು ಹಿಡಿಯುತ್ತದೆ.

ಚಾವಣಿ ಶೀಟು, ಹೊರಗೆ ಹೋಗುವ ಬಾಗಿಲು ಎಲ್ಲದರ ಫೋಟೋ ಹಾಕಿ. ಬಾಗಿಲು ಒಳಗೆ ತೆರೆಯುತ್ತದಾ ಹೊರಗೆ ತೆರೆಯುತ್ತದಾ ಅಂತ ಬರೆಯಿರಿ. ಮಾರ್ಚ್ ಒಳಗೆ ಒಂದು ದಿನ ನಾನೇ ಬಂದು ನೋಡುತ್ತೇನೆ, ಅರಸೀಕೆರೆವರೆಗೆ ರೈಲಿದೆ.