ಹುಣಸೆಮರದಲ್ಲಿ ಹೆಜ್ಜಾರ್ಲೆ ಗೂಡು: ಮರದ ಯಜಮಾನರನ್ನು ಒಪ್ಪಿಸುವುದು ಹೇಗೆ?

ಕೆರೆಯಂಚು:
ನಮ್ಮೂರಿನ ಕೆರೆಯ ಪಕ್ಕದ ಹಿತ್ತಿಲಿನಲ್ಲಿರುವ ಎರಡು ಹುಣಸೆಮರಗಳಲ್ಲಿ ಮೂರು ವರ್ಷಗಳಿಂದ ಹೆಜ್ಜಾರ್ಲೆಗಳು (ಪೆಲಿಕನ್ ಹಕ್ಕಿಗಳು) ಗೂಡು ಕಟ್ಟುತ್ತಿವೆ. ಹಿಕ್ಕೆ ಬಿದ್ದು ಕಾಯಿ ಹಾಳಾಗುತ್ತಿದೆ, ಅಂಗಳದಲ್ಲಿ ಕೊಳೆತ ಮೀನಿನ ನಾತ ತಡೆಯಲಾಗುತ್ತಿಲ್ಲ ಎಂದು ಯಜಮಾನರು ಮರ ಕಡಿಸಲು ವ್ಯಾಪಾರಿಯೊಂದಿಗೆ ಮಾತಾಡಿದ್ದಾರೆ. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಗೂಡಿನಲ್ಲಿ ಈಗ ಮರಿಗಳಿವೆ. ಊರಿನವರೇ ಸೇರಿ ಏನು ಮಾಡಬಹುದು?

ಶಿಂಷಾ ತೀರ:
ಮೊದಲು ಯಜಮಾನರನ್ನೇ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಕರೆದೊಯ್ಯಿರಿ. ಅಲ್ಲಿ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಮನೆಯಂಗಳದ ಮರಗಳಲ್ಲೇ ಮರಿ ಮಾಡುತ್ತವೆ; ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದೇ ಹಿರಿಯರು ಅವುಗಳನ್ನು ಕಾಣುತ್ತಾರೆ. ಆದರೆ ಆ ಅಕ್ಕರೆಯೊಂದರಿಂದಲೇ ಮರಗಳು ಉಳಿದವೆಂದು ನಾನು ಹೇಳಲಾರೆ. ಕಾಯಿ ಬಡಿಯದೆ ಬಿಟ್ಟ ಮಾಲೀಕರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ಏರ್ಪಾಡಾಯಿತು, ಹಿಕ್ಕೆ ಬೆರೆತ ಮಣ್ಣು ಹೊಲಕ್ಕೆ ಗೊಬ್ಬರವಾಯಿತು. ಊರಿನ ಯುವಕರ ‘ಹೆಜ್ಜಾರ್ಲೆ ಬಳಗ’ವು ಗೂಡಿನಿಂದ ಬಿದ್ದ ಮರಿಗಳನ್ನು ಆವರಣವೊಂದರಲ್ಲಿಟ್ಟು, ಹಾರುವಷ್ಟು ಬಲಿಯುವವರೆಗೆ ಮೀನು ತಿನ್ನಿಸಿ ಸಾಕಿತು.

ಕಾನೂನು ಓದುವವಳು:
1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಹಕ್ಕಿಗಳ ಮೊಟ್ಟೆ, ಗೂಡುಗಳಿಗೆ ತೊಂದರೆ ಕೊಡುವುದೂ ‘ಬೇಟೆ’ಯ ವ್ಯಾಖ್ಯೆಯೊಳಗೆ ಬರುತ್ತದೆ, ಆದ್ದರಿಂದ ಮರಿಗಳಿರುವಾಗ ಮರ ಕಡಿಯುವುದು ಯಜಮಾನರಿಗೇ ಅಪಾಯ. ಇದನ್ನು ಬೆದರಿಕೆಯ ದನಿಯಲ್ಲಿ ಹೇಳಬೇಡಿ. ಖಾಸಗಿ ಅಥವಾ ಸಮುದಾಯದ ಜಮೀನಿನವರು ತಾವಾಗಿ ಮುಂದೆ ಬಂದರೆ 36-ಸಿ ಕಲಮಿನಡಿ ಅದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಬಹುದು, ಕೊಕ್ಕರೆ ಬೆಳ್ಳೂರು 2007ರಲ್ಲಿ ಹಾಗಾಯಿತು. ಆದರೆ ಆಮೇಲೆ ನಿರ್ವಹಣಾ ಸಮಿತಿಯ ನಿರ್ಣಯ ಹಾಗೂ ಸರ್ಕಾರದ ಒಪ್ಪಿಗೆಯಿಲ್ಲದೆ ಭೂಬಳಕೆಯನ್ನು ಬದಲಿಸುವಂತಿಲ್ಲ ಎಂಬುದನ್ನು ಸಹಿ ಹಾಕಿಸುವ ಮೊದಲೇ ತಿಳಿಸಿ. ಮುಚ್ಚಿಟ್ಟರೆ ಊರು ಎರಡಾಗುತ್ತದೆ.

ಹಳೇ ಮೇಷ್ಟ್ರು:
ಮರದ ಜೊತೆಗೆ ಕೆರೆಯ ನೀರನ್ನೂ ನೋಡಿಕೊಳ್ಳಿ. 2017ರ ಕೊನೆಯಿಂದ ಕೆಲವು ತಿಂಗಳು ಕೊಕ್ಕರೆ ಬೆಳ್ಳೂರಿನಲ್ಲೇ ಹಲವು ಹೆಜ್ಜಾರ್ಲೆಗಳು ಹೊಟ್ಟೆಯ ಹುಳುಬಾಧೆಯಿಂದ ಸತ್ತವು. ಹುಳು ಮೀನಿನ ಮೂಲಕ ಹಕ್ಕಿಯ ಹೊಟ್ಟೆ ಸೇರುತ್ತದೆ. ಸತ್ತ ಹಕ್ಕಿ ಕಂಡರೆ ಕೂಡಲೇ ಪಶುವೈದ್ಯರಿಗೆ ತಿಳಿಸಿ.

ಕೆರೆಯಂಚು:
ಎಲ್ಲರಿಗೂ ವಂದನೆಗಳು. ನಿನ್ನೆ ಸಂಜೆ ಯಜಮಾನರನ್ನು ಕಂಡೆ. ಈ ವರ್ಷದ ಕಾಯಿಯ ಬೆಲೆಯನ್ನು ಊರಿನವರು ಕೂಡಿಸಿ ಕೊಟ್ಟರೆ ಮರಿಗಳು ಹಾರಿಹೋಗುವವರೆಗೆ ಕೊಡಲಿ ತಾಗಿಸುವುದಿಲ್ಲ ಎಂದಿದ್ದಾರೆ. ಮುಂದಿನ ವರ್ಷದ ಬಗ್ಗೆ ಮಾತು ಕೊಟ್ಟಿಲ್ಲ, ಬೆಳ್ಳೂರಿಗೆ ಬರಲು ಮಾತ್ರ ಒಪ್ಪಿದ್ದಾರೆ.