ಸಹಾಯ ಬೇಕು: ಜಪಾನಿನ ಪುಟಾಣಿಗಳಿಗೆ ಮಳೆಯ ಇಂಗ್ಲಿಷ್ ಪಾಠ
ಎಲ್ಲರಿಗೂ ನಮಸ್ಕಾರ. ಒಸಾಕಾದ ಒಂದು ಶಿಶುವಿಹಾರದಲ್ಲಿ ನಾಲ್ಕೈದು ವರ್ಷದ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತಿದ್ದೇನೆ. ಇಲ್ಲಿ ಜೂನ್ ಅಂದರೆ ಮಳೆಗಾಲ, ಹಾಗಾಗಿ ಈ ತಿಂಗಳ ಪಾಠವೂ ಮಳೆಯದೇ. ಮಳೆ ನಿಲ್ಲಲಿ ಅಂತ ಇಲ್ಲಿನ ಮಕ್ಕಳು ‘ತೆರು ತೆರು ಬೋಜು’ ಅನ್ನುವ ಪುಟ್ಟ ಬಿಳಿ ಬೊಂಬೆ ಮಾಡಿ ಕಿಟಕಿಗೆ ಕಟ್ಟುತ್ತಾರೆ. ಅದನ್ನು ಟಿಶ್ಯೂ ಪೇಪರಿನಲ್ಲಿ ಮಾಡಿಸಿ, ಕಣ್ಣು, ಬಾಯಿ ಬರೆಯುವಾಗ ಆ ಪದಗಳನ್ನು ಹೇಳಿಸುತ್ತೇನೆ. ಕಪ್ಪೆಯ ಹಾಗೆ ಕುಪ್ಪಳಿಸಿ ಅಂದರೆ ಸಾಕು, ಕ್ಲಾಸೆಲ್ಲಾ ಖುಷಿಯೋ ಖುಷಿ!

ಆದರೆ ಬಾಯಿಂದ ಬರುವುದು ‘ಫ್ರಾಗ್’, ‘ರೇನ್’ ಅಂತ ಒಂದೊಂದೇ ಪದ. ‘ಇಟ್ಸ್ ರೇನಿಂಗ್’ ಅಂತ ಪೂರ್ತಿ ಹೇಳಿಸುವ ಆಟ ಯಾವುದಾದರೂ ಇದೆಯಾ? ಹಿಂದೆ ಕೂತು ಸುಮ್ನೆ ನೋಡುವ ಮಕ್ಕಳೂ ಸೇರುವಂತಿರಬೇಕು. ಅವರನ್ನು ಎಬ್ಬಿಸಿ ನಿಲ್ಲಿಸಿ ಕೇಳುವುದು ನನಗೆ ಸರಿ ಅನಿಸುವುದಿಲ್ಲ. ಪುಟ್ಟ ಮಕ್ಕಳಿಗೆ ಪಾಠ ಮಾಡಿದವರು ದಯವಿಟ್ಟು ತಿಳಿಸಿ. ಜಾಸ್ತಿ ಸಾಮಾನು ಬೇಡದ ಆಟವಾದರೆ ಇನ್ನೂ ಒಳ್ಳೆಯದು.